ಕಂಟ್ರೋಲರ್ ಕೆಟ್ಟಿಲ್ಲ, ಸೆನ್ಸರ್ ಇಟ್ಟ ಜಾಗ ಕೆಟ್ಟಿದೆ

ಪ್ರಶ್ನೆ: ಮಾಳಿಗೆ ಮೇಲೆ 200 ಲೀಟರ್ ಸೋಲಾರ್ ಟ್ಯಾಂಕ್, ಒಳಗೆ ಕರೆಂಟಿನಿಂದ ನೀರು ಕಾಯಿಸುವ 2 ಕಿಲೋವಾಟ್ ಕಾಯಿಲ್ ಇದೆ. ಡಿಜಿಟಲ್ ಕಂಟ್ರೋಲರ್ 55 ಡಿಗ್ರಿಗೆ ಸೆಟ್ ಮಾಡಿಸಿದ್ದೇನೆ. ಅದು 38 ತೋರಿಸುತ್ತದೆ, ನಲ್ಲಿಯಲ್ಲಿ ಮಾತ್ರ ಕುದಿನೀರು. ಎರಡು ಕಂಟ್ರೋಲರ್ ಬದಲಿಸಿದ್ದಾಯಿತು. (ಗದಗ)

ಉತ್ತರ: ಮೂರನೆಯದನ್ನು ಕೊಳ್ಳಬೇಡಿ. ಚಳಿ ಶುರುವಾದರೆ ಸಾಕು, ಇದೇ ಪ್ರಶ್ನೆ. ನಿಮ್ಮ ಮಿಸ್ತ್ರಿ ಸೆನ್ಸರನ್ನು ಹೊರಗಿನ ತಗಡಿಗೆ ಟೇಪಿನಿಂದ ಅಂಟಿಸಿರುತ್ತಾನೆ. ಆ ತಗಡಿಗೂ ಒಳಗಿನ ನೀರಿಗೂ ನಡುವೆ ಸುಮಾರು 50 ಮಿ.ಮೀ. ಫೋಮ್ ಇದೆ. ಶಾಖ ಹೊರಗೆ ಹೋಗದಿರಲೆಂದೇ ತುಂಬಿದ ಫೋಮ್ ಅದು. ಹೀಗಾಗಿ ಸೆನ್ಸರ್ ಅಳೆಯುತ್ತಿರುವುದು ಮಾಳಿಗೆಯ ಹವೆಯನ್ನು.

ಸೆನ್ಸರ್ ಇರಬೇಕಾದದ್ದು ಥರ್ಮೋವೆಲ್‌ನಲ್ಲಿ, ಅಂದರೆ ಟ್ಯಾಂಕಿನೊಳಗೆ ಚಾಚಿದ ಮುಚ್ಚಿದ ಕೊಳವೆಯಲ್ಲಿ. ಅದು ಕಾಯಿಲ್‌ಗಿಂತ ಮೇಲಿರಲಿ. ಕಾಯಿಲ್ ಕಾಯಿಸುವುದು ತನ್ನ ಮೇಲಿನ ನೀರನ್ನಷ್ಟೇ. ಸೆನ್ಸರ್ ಕೆಳಗಿದ್ದರೆ ತಣ್ಣೀರನ್ನೇ ನೋಡುತ್ತ ಕೂರುತ್ತದೆ, ಮೇಲಿನದು ಕುದಿಯುತ್ತದೆ. ಕೊಳವೆಗೆ ಶಾಖ ದಾಟಿಸುವ ಥರ್ಮಲ್ ಪೇಸ್ಟ್ ತುಂಬಿ, ಸೆನ್ಸರನ್ನು ತುದಿ ಮುಟ್ಟುವವರೆಗೆ ತಳ್ಳಿ, ಬಾಯಿಗೆ ಸಿಲಿಕೋನ್ ಹಚ್ಚಿ. ವೈರ್ ಒಳಹೋಗುವ ಮೊದಲು ಕೆಳಗೆ ಜೋತು ಬಾಗಿರಲಿ, ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ. ಥರ್ಮೋವೆಲ್ ಇಲ್ಲದ ಟ್ಯಾಂಕಿಗೆ ದಯವಿಟ್ಟು ಡ್ರಿಲ್ ಹಿಡಿದು ಹೋಗಬೇಡಿ, ಕಂಪನಿಯವರನ್ನೇ ಕರೆಸಿ.

ಸೆನ್ಸರ್ ಪರೀಕ್ಷೆ ಸುಲಭ. ಕಂಟ್ರೋಲರಿನಿಂದ ಬಿಚ್ಚಿ ಓಮ್ ಅಳೆಯುವ ಮೀಟರ್ ಹಿಡಿಯಿರಿ. 10ಕೆ ಎನ್‌ಟಿಸಿ (ಬಿಸಿಯಾದಷ್ಟೂ ಓಮ್ ಇಳಿಯುವ ಸೆನ್ಸರ್) ಆದರೆ 25 ಡಿಗ್ರಿಯಲ್ಲಿ 10 ಕಿಲೋಓಮ್, 60 ಡಿಗ್ರಿ ನೀರಿನಲ್ಲಿ ಎರಡೂವರೆಯಿಂದ ಮೂರು. ಜಾಯಿಂಟಿಗೆ ನೀರಿಳಿದರೆ ಓಮ್ ಇಳಿದು ಇಲ್ಲದ ಬಿಸಿ ತೋರಿಸುತ್ತದೆ. ‘ಮಳೆಗಾಲದಲ್ಲಿ ಹೀಟರ್ ಆನ್ ಆಗಲ್ಲ’ ಎನ್ನುವವರ ಕಥೆ ಬಹುಪಾಲು ಇದೇ. ವೈರ್ ತುಂಡಾದರೆ ಉಲ್ಟಾ. ಅಗ್ಗದ ಕಂಟ್ರೋಲರ್ ನೀರು ಹಿಮವಾಗಿದೆ ಎಂದುಕೊಂಡು ಕಾಯಿಲನ್ನು ಉರಿಸುತ್ತಲೇ ಇರುತ್ತದೆ.

ಇನ್ನು ರಿಲೇ, ಅಂದರೆ ಕಂಟ್ರೋಲರಿನೊಳಗಿನ ಪುಟ್ಟ ಸ್ವಿಚ್. ಅದರ ಮೇಲೆ 10 ಆಂಪ್ ಎಂದು ಬರೆದಿದೆ, ನಿಮ್ಮ ಕಾಯಿಲ್ 230 ವೋಲ್ಟಿನಲ್ಲಿ 8.7 ಆಂಪ್ ಎಳೆಯುತ್ತದೆ. ‘ಸಾಕಲ್ಲ’ ಎನ್ನುವ ವೈರ್‌ಮನ್‌ಗೆ ಚಹಾ ಕುಡಿಸಿ ಕಳಿಸಿ, ಇಷ್ಟು ಅಂಚಿನಲ್ಲಿ ದಿನವೂ ನಡೆದರೆ ರಿಲೇ ಬೇಗ ಸುಡುತ್ತದೆ. ರಿಲೇಯಿಂದ 25 ಆಂಪಿನ ಎರಡು ಪೋಲ್ ಕಾಂಟ್ಯಾಕ್ಟರಿನ (ದೊಡ್ಡ ಲೋಡ್ ಹೊರುವ ಸ್ವಿಚ್) ಒಳಗಿನ, ಅದನ್ನು ಎಳೆಯುವ ಸಣ್ಣ ಕಾಯಿಲನ್ನಷ್ಟೇ ನಡೆಸಿ, ಹೀಟರಿನ ಲೋಡನ್ನು ಕಾಂಟ್ಯಾಕ್ಟರ್ ಹೊರಲಿ. 2.5 ಚದರ ಮಿ.ಮೀ. ತಾಮ್ರದ ವೈರ್, 16 ಆಂಪ್ ಎಂಸಿಬಿ, ಕರೆಂಟ್ ಸೋರಿದರೆ ಕಡಿಯುವ 30 ಮಿಲಿಆಂಪ್ ಆರ್‌ಸಿಸಿಬಿ. ಜೊತೆಗೆ 90 ಡಿಗ್ರಿ ಮುಟ್ಟಿದರೆ ಕರೆಂಟ್ ಕಡಿಯುವ, ಕೈಯಿಂದ ರಿಸೆಟ್ ಮಾಡುವ ಕಟೌಟ್, ಹೀಟರಿನ ಫೇಸ್ ಲೈನಿನಲ್ಲೇ. ಕಾಂಟ್ಯಾಕ್ಟರಿನ ಕಾಯಿಲ್ ಸರ್ಕ್ಯೂಟಿನಲ್ಲಿ ಹಾಕಿದರೆ, ಪಾಯಿಂಟ್‌ಗಳು ಬೆಸೆದುಕೊಂಡ ದಿನ ಅದು ಇದ್ದೂ ಇಲ್ಲ. ಬೇಸಿಗೆ ಮಧ್ಯಾಹ್ನ ಬಿಸಿಲಿಗೇ 70 ತೋರಿಸಿದರೆ ಗಾಬರಿ ಬೇಡ, ಅದು ಸೋಲಾರ್ ಕೆಲಸ.

ಪ್ರಶ್ನೆ: ಅರ್ತಿಂಗ್ ಇಲ್ಲ, ವೈರ್‌ಮನ್ ಟ್ಯಾಂಕಿನ ಅರ್ತ್ ವೈರನ್ನು ನ್ಯೂಟ್ರಲ್‌ಗೆ ಸೇರಿಸಿದ್ದಾರೆ. ನಡೆಯುತ್ತದೆಯೇ? (ಹಾವೇರಿ)

ಉತ್ತರ: ನ್ಯೂಟ್ರಲ್ ಎಲ್ಲೋ ಕಡಿದರೆ ಟ್ಯಾಂಕೂ ನಲ್ಲಿಯೂ ಫೇಸ್ ಆಗುತ್ತವೆ. ಇದನ್ನು ಮಾಡಿದವನನ್ನು ಮತ್ತೆ ಮನೆಗೆ ಸೇರಿಸಬೇಡಿ. ಬೇರೆ ವೈರ್‌ಮನ್‌ನಿಂದ ಆ ವೈರನ್ನು ನ್ಯೂಟ್ರಲ್‌ನಿಂದ ಮೊದಲು ಬಿಡಿಸಿ, ಎಂಸಿಬಿ ಇಳಿಸಿದರಷ್ಟೇ ಈ ಅಪಾಯ ಹೋಗುವುದಿಲ್ಲ. ಅರ್ತ್ ಪಿಟ್ ತೆಗೆಸಿ, ಅಲ್ಲಿಯತನಕ ಹೀಟರ್ ಎಂಸಿಬಿಯನ್ನೂ ಇಳಿಸಿಯೇ ಇಡಿ. ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಅರ್ತ್ ರಾಡಿನಿಂದ ದೂರ ಸರಿಯುತ್ತದೆ, ಪಿಟ್‌ಗೆ ಆಗಾಗ ನೀರು ಹಾಕಿ.

ಪ್ರಶ್ನೆ: ಸೆನ್ಸರ್ ವೈರನ್ನು 20 ಮೀಟರ್ ಉದ್ದ ಮಾಡಬಹುದೇ? (ಧಾರವಾಡ)

ಉತ್ತರ: ಎನ್‌ಟಿಸಿ ಆದರೆ ಧಾರಾಳವಾಗಿ. ಎರಡು ವೈರಿನ ಪಿಟಿ-100 (ಬಿಸಿಯಾದಷ್ಟೂ ಓಮ್ ಏರುವ ಪ್ಲಾಟಿನಂ ಸೆನ್ಸರ್) ಆದರೆ ವೈರಿನ ಓಮ್ ಕೂಡ ಸೇರಿ ಅರ್ಧ ಚದರ ಮಿ.ಮೀ. ವೈರಿಗೆ ಸುಮಾರು 4 ಡಿಗ್ರಿ ಹೆಚ್ಚು ತೋರಿಸುತ್ತದೆ. ಮೂರು ವೈರಿನದು ತನ್ನಿ. ಕರೆಂಟ್ ವೈರಿನ ಪೈಪಿನಲ್ಲಿ ತುರುಕಬೇಡಿ.

ಪ್ರಶ್ನೆ: ಸವಳು ನೀರಿಗೆ ಪೈಪಿನ ಮೇಲೆ ಮ್ಯಾಗ್ನೆಟ್ ಕಟ್ಟಿದರೆ ಕಾಯಿಲ್‌ಗೆ ಉಪ್ಪು ಕಟ್ಟುವುದಿಲ್ಲವಂತೆ? (ರಾಣೆಬೆನ್ನೂರು)

ಉತ್ತರ: ಮಾರುವವನ ಜೇಬಿಗಷ್ಟೇ ಲಾಭ. ನೀರು ಕಾದಷ್ಟೂ ಉಪ್ಪು ಹೆಚ್ಚು ಕಟ್ಟುತ್ತದೆ, ಕಂಟ್ರೋಲರ್ ಸೆಟ್ಟಿಂಗ್ 55 ದಾಟಿಸಬೇಡಿ.

ಪ್ರಶ್ನೆ: ಮಾಳಿಗೆ ಸೋಲಾರ್‌ಗೆ ಪಂಪ್ ಕಂಟ್ರೋಲರ್ ಯಾವುದು ಒಳ್ಳೆಯದು? (ಹುಬ್ಬಳ್ಳಿ)

ಉತ್ತರ: ಟ್ಯಾಂಕ್ ಮೇಲೆ, ಪ್ಯಾನೆಲ್ ಕೆಳಗೆ ಇದ್ದರೆ ನೀರು ತಾನೇ ತಿರುಗುತ್ತದೆ, ಪಂಪೂ ಬೇಡ, ಕಂಟ್ರೋಲರೂ ಬೇಡ.