ಅಸಲು ಮುಟ್ಟದ ಟ್ರೀನಾ

ನಿಮ್ಮ ಪ್ರಶ್ನೆ ಇಷ್ಟು: ಸಂಪತ್ತು ಮತ್ತು ದುರಾಸೆ ಮನುಷ್ಯರನ್ನು ಕೆಡಿಸುವ ಬಗೆಯನ್ನು ಚೆನ್ನಾಗಿ ತೋರಿಸಿರುವ ಹಳೆಯ ಅಮೆರಿಕನ್ ಕಾದಂಬರಿ ಯಾವುದು, ಅದರಲ್ಲಿ ಪಾತ್ರಗಳು ಕೆಡುವುದು ಹೇಗೆ?

ಬಹುತೇಕರು ‘ದಿ ಗ್ರೇಟ್ ಗ್ಯಾಟ್ಸ್‌ಬಿ’ಯ ಹೆಸರು ಹೇಳುತ್ತಾರೆ. ತಪ್ಪೇನಿಲ್ಲ. ಆದರೆ ಅಲ್ಲಿ ಹಣವೆಂದರೆ ಬಂಗಲೆ, ಔತಣ, ಕಾರು, ರಾಶಿ ರಾಶಿ ಅಂಗಿಗಳು. ಓದಿ ಮುಗಿಸಿ ‘ಇದು ದೊಡ್ಡವರ ಕಥೆ, ನಮಗೇನು’ ಎಂದು ನಿರಾಳವಾಗಿರಬಹುದು. ನಾನು ಸೂಚಿಸುವ ಕಾದಂಬರಿ ಓದುಗನಿಗೆ ಆ ಅನುಕೂಲ ಮಾಡಿಕೊಡುವುದಿಲ್ಲ. ಅದು ಫ್ರ್ಯಾಂಕ್ ನಾರಿಸ್ ಬರೆದ, 1899ರಲ್ಲಿ ಪ್ರಕಟವಾದ ‘ಮ್ಯಾಕ್‌ಟೀಗ್’. ಅದರಲ್ಲಿ ಐದು ಸಾವಿರ ಡಾಲರ್ ಬರುತ್ತದೆ, ಹೆಣಗಳು ಬೀಳುತ್ತವೆ, ಆದರೆ ಆ ಗಂಟಿನಿಂದ ಯಾರಿಗೂ ಒಂದು ದಿನದ ಸುಖವೂ ಸಿಗುವುದಿಲ್ಲ. ಹಣ ಇವರನ್ನು ಕೆಡಿಸುವುದು ಭೋಗದಿಂದಲ್ಲ, ಪೆಟ್ಟಿಗೆಯಲ್ಲಿ ಸುಮ್ಮನೆ ಕೂತು.

ಕಥೆ ನಡೆಯುವುದು ಸ್ಯಾನ್ ಫ್ರಾನ್ಸಿಸ್ಕೋದ ಪೋಲ್ಕ್ ಸ್ಟ್ರೀಟಿನಲ್ಲಿ. ಸಣ್ಣ ಅಂಗಡಿಗಳು, ಅವುಗಳ ಮೇಲೆ ಬಾಡಿಗೆ ಕೋಣೆಗಳು. ಮ್ಯಾಕ್‌ಟೀಗ್ ಅಲ್ಲಿಯ ಹಲ್ಲಿನ ವೈದ್ಯ. ಹುಡುಗನಾಗಿದ್ದಾಗ ಚಿನ್ನದ ಗಣಿಯಲ್ಲಿ ಗಾಡಿ ತಳ್ಳಿದವನು, ಊರೂರು ಸುತ್ತುವ ಒಬ್ಬ ಅರೆಬರೆ ವೈದ್ಯನ ಬೆನ್ನುಹತ್ತಿ ಕೆಲಸ ಕಲಿತವನು, ಕಾಲೇಜಿನ ಮುಖ ಕಂಡವನಲ್ಲ. ಇಕ್ಕಳವಿಲ್ಲದೆ ಬರಿಬೆರಳಿನಲ್ಲಿ ಹಲ್ಲು ಕೀಳುವಷ್ಟು ಕಸುವು, ಬುದ್ಧಿ ಮಾತ್ರ ಮಂದ. ಭಾನುವಾರ ಹೊಟ್ಟೆ ಬಿರಿಯ ಉಂಡು, ಬಿಯರ್ ಕುಡಿದು, ತನಗೆ ಬರುವ ಆರೇ ಆರು ರಾಗಗಳನ್ನು ಕಾನ್ಸರ್ಟೀನಾ ಎಂಬ ಪುಟ್ಟ ತಿದಿವಾದ್ಯದಲ್ಲಿ ನುಡಿಸುತ್ತ ತೂಕಡಿಸುವುದೇ ಅವನಿಗೆ ಸ್ವರ್ಗ. ಜೊತೆಗೆ ಪಂಜರದಲ್ಲಿ ಒಂದು ಕ್ಯಾನರಿ ಹಕ್ಕಿ. ಆಸೆ ಎಂದರೆ ಒಂದೇ: ಕಿಟಕಿಯ ಹೊರಗೆ ನಾಮಫಲಕದಂತೆ ತೂಗುಹಾಕಲು ಚಿನ್ನದ ಬಣ್ಣದ ದೈತ್ಯ ಹಲ್ಲೊಂದು ಬೇಕು. ಗೆಳೆಯ ಮಾರ್ಕಸ್, ಉಯ್ಯಾಲೆಯಿಂದ ಬಿದ್ದು ಹಲ್ಲು ಮುರಿದುಕೊಂಡ ತನ್ನ ಸೋದರಸಂಬಂಧಿ ಟ್ರೀನಾಳನ್ನು ಇವನ ಬಳಿ ಕರೆತರುತ್ತಾನೆ. ಮ್ಯಾಕ್‌ಟೀಗ್ ಮನಸೋಲುತ್ತಾನೆ. ಮಾರ್ಕಸ್‌ಗೂ ಅವಳ ಮೇಲೆ ಕಣ್ಣಿತ್ತು, ಆದರೂ ದೊಡ್ಡ ಮನಸ್ಸು ಮಾಡಿ ಗೆಳೆಯನಿಗೆ ಬಿಟ್ಟುಕೊಡುತ್ತಾನೆ. ಅಷ್ಟರಲ್ಲಿ, ಕೆಲಸದಾಕೆ ಮರಿಯಾಳಿಂದ ಟ್ರೀನಾ ಒಂದು ಡಾಲರ್ ಕೊಟ್ಟು ಕೊಂಡಿದ್ದ ಲಾಟರಿ ಚೀಟಿಗೆ ಐದು ಸಾವಿರ ಡಾಲರ್ ಬಹುಮಾನ ಹೊಡೆಯುತ್ತದೆ.

ಗಮನಿಸಿ, ಇಲ್ಲಿಯವರೆಗೆ ಯಾರೂ ಕೆಟ್ಟವರಲ್ಲ. ಟ್ರೀನಾ ಅಚ್ಚುಕಟ್ಟಿನ ಹುಡುಗಿ. ಬಹುಮಾನ ಬಂದ ಮೇಲೂ ಅವಳು ಕುಣಿದಾಡುವುದಿಲ್ಲ. ಇಡೀ ಮೊತ್ತವನ್ನು ಆಟಿಕೆಗಳ ಸಗಟು ವ್ಯಾಪಾರ ಮಾಡುವ ನೆಂಟನೊಬ್ಬನ ವ್ಯವಹಾರದಲ್ಲಿ ನೂರಕ್ಕೆ ವರ್ಷಕ್ಕೆ ಆರರ ಬಡ್ಡಿಗೆ ತೊಡಗಿಸುತ್ತಾಳೆ. ತಿಂಗಳಿಗೆ ಇಪ್ಪತ್ತೈದು ಡಾಲರ್. ಜೊತೆಗೆ ಅದೇ ಅಂಗಡಿಗಾಗಿ ಮರದ ಚಿಕ್ಕ ಚಿಕ್ಕ ಪ್ರಾಣಿಗಳನ್ನು ಕೆತ್ತಿ ಬಣ್ಣ ಬಳಿಯುತ್ತಾಳೆ, ಬೈಬಲ್ ಕಥೆಯ ನೋಹನ ನಾವೆಯ ಆಟಿಕೆಗೆ ಬೇಕಾದ ಆನೆ, ಒಂಟೆ ಎಲ್ಲವನ್ನೂ. ನಾನು ಬಹಳ ಕಾಲ ಬ್ಯಾಂಕಿನ ಠೇವಣಿ ವಿಭಾಗದಲ್ಲಿ ಕೂತವನು. ಇಂಥ ಗ್ರಾಹಕಿ ಬಂದರೆ ನಾವು ಎದ್ದುನಿಂತು ಮಾತನಾಡಿಸುತ್ತಿದ್ದೆವು. ಬಡ್ಡಿಯಲ್ಲಿ ಬದುಕು, ಅಸಲು ಮುಟ್ಟಬೇಡ ಎಂದು ನಮ್ಮ ಮನೆಗಳಲ್ಲಿ ಹಿರಿಯರು ಹೇಳುವುದನ್ನೇ ಅವಳು ಮಾಡಿದಳು. ನಾರಿಸ್‌ನ ಕಸುಬು ಕಾಣುವುದು ಇಲ್ಲಿಯೇ. ದುರಾಸೆಯನ್ನು ಅವನು ಹೊರಗಿನಿಂದ ತಂದು ಅವಳ ತಲೆಗೆ ಕಟ್ಟುವುದಿಲ್ಲ. ಎಲ್ಲರೂ ಮೆಚ್ಚುವ ಮಿತವ್ಯಯ ದಿನಕ್ಕೊಂದು ಗೆಣ್ಣು ಬೆಳೆಯುವಂತೆ ಬಿಡುತ್ತಾನೆ. ‘ಅತಿಯಾಸೆ ಗತಿಗೇಡು’ ಎಂದು ಒಂದೇ ಮಾತಿನಲ್ಲಿ ಮುಗಿಸಲು ಬರುವುದಿಲ್ಲ, ಏಕೆಂದರೆ ಅತಿ ಎಂಬುದು ಯಾವ ದಿನ ಶುರುವಾಯಿತೆಂದು ಓದುಗನಿಗೂ ಗೊತ್ತಾಗುವುದಿಲ್ಲ.

ಮದುವೆಯಾಗಿ ಕೆಲವು ವರ್ಷ ಚೆನ್ನಾಗಿಯೇ ಸಾಗುತ್ತದೆ. ಕೇಡು ಬರುವುದು ಮಾರ್ಕಸ್‌ನಿಂದ. ತಾನು ಬಿಟ್ಟುಕೊಟ್ಟ ಹುಡುಗಿಯ ಜೊತೆ ಐದು ಸಾವಿರವೂ ಹೋಯಿತೆಂಬುದು ಅವನಿಗೆ ನುಂಗಲಾಗದ ತುತ್ತು. ಬಹುಮಾನಕ್ಕೂ ಅವನಿಗೂ ಏನೂ ಸಂಬಂಧವಿಲ್ಲ, ಆದರೂ ಅವನ ಲೆಕ್ಕದಲ್ಲಿ ಅದು ತನ್ನ ಹಣ, ಗೆಳೆಯ ಕದ್ದದ್ದು. ಹಣವಿರುವವರನ್ನು ಹಣ ಕೆಡಿಸುತ್ತದೆ ಎಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಕೈಗೆ ಒಂದು ಕಾಸೂ ಬಾರದ ಮಾರ್ಕಸ್ ಎಲ್ಲರಿಗಿಂತ ಮೊದಲು ಕೆಡುತ್ತಾನೆ. ಹೊಟ್ಟೆಕಿಚ್ಚು ಜಗಳವಾಗಿ, ಜಗಳ ಹೊಡೆದಾಟವಾಗಿ, ಕೊನೆಗೆ ಊರು ಬಿಡುವ ಮುಂಚೆ ಮ್ಯಾಕ್‌ಟೀಗ್ ಪದವಿಯಿಲ್ಲದೆ ವೈದ್ಯವೃತ್ತಿ ನಡೆಸುತ್ತಿದ್ದಾನೆಂದು ನಗರಾಡಳಿತಕ್ಕೆ ದೂರು ಕೊಟ್ಟು ಹೋಗುತ್ತಾನೆ. ವೃತ್ತಿ ನಿಲ್ಲಿಸಬೇಕೆಂದು ಕಾಗದ ಬರುತ್ತದೆ.

ಅಲ್ಲಿಂದ ಮುಂದೆ ಟ್ರೀನಾಳನ್ನು ನೋಡಬೇಕು. ಐದು ಸಾವಿರ ಹಾಗೆಯೇ ಇದೆ. ಗಂಡನಿಗೆ ಬೇರೊಂದು ಕಸುಬು ಹೂಡಿಕೊಡಬಹುದಿತ್ತು. ಬದಲಿಗೆ ಮನೆಯ ಸಾಮಾನು ಹರಾಜಾಗುತ್ತದೆ, ಒಂದೇ ಇಕ್ಕಟ್ಟಾದ ಕೋಣೆಗೆ ವಾಸ ಬದಲಾಗುತ್ತದೆ. ಅಂಗಡಿಯ ಮುಂದೆ ತೂಗಬೇಕಾದ ಆ ಚಿನ್ನದ ಬಣ್ಣದ ಹಲ್ಲು, ಟ್ರೀನಾಳೇ ಕೊಡಿಸಿದ್ದ ಉಡುಗೊರೆ, ಈಗ ಕೋಣೆಯ ಮೂಲೆಯಲ್ಲಿ ಮೇಜಿನಂತೆ ಬಳಕೆಯಾಗುತ್ತದೆ. ಮುಂದೆ ಬಾಡಿಗೆ ಇನ್ನೂ ಕಡಿಮೆ ಎಂಬ ಒಂದೇ ಕಾರಣಕ್ಕೆ ಅವಳು ಗಂಡನನ್ನು ಕರೆದುಕೊಂಡು ಹೋಗುವುದು ಎಲ್ಲಿಗೆ ಗೊತ್ತೇ? ಕೊಲೆ ನಡೆದ ಮನೆಗೆ.

ಈ ಕಾದಂಬರಿಯಲ್ಲಿ ಕೊಲೆಗಳಿಗಿಂತ ಹೆಚ್ಚು ನನ್ನನ್ನು ಕಲಕಿದ್ದು ಒಂದು ಮಳೆಯ ದಿನ. ಮ್ಯಾಕ್‌ಟೀಗ್‌ಗೆ ಶಸ್ತ್ರಚಿಕಿತ್ಸೆಯ ಸಲಕರಣೆ ತಯಾರಿಸುವ ಕಡೆ ಸಿಕ್ಕಿದ್ದ ಕೆಲಸವೂ ಹೋಗಿದೆ. ಹೊತ್ತಿಗೆ ಮುಂಚೆ ಮನೆಗೆ ಬಂದ ಗಂಡನಿಗೆ ಕೂರಲೂ ಬಿಡದೆ, ಬೇರೆ ಕೆಲಸ ಹುಡುಕಲು ಆಗಿಂದಾಗಲೇ ಹೊರಡಿಸುತ್ತಾಳೆ. ಅವನ ಜೇಬಿನಲ್ಲಿದ್ದ ಸಂಬಳದ ಹಣ ಅದಾಗಲೇ ಅವಳ ಕೈ ಸೇರಿದೆ. ಮೋಡ ಕವಿದಿದೆ, ಟ್ರಾಮಿಗೆ ಐದು ಸೆಂಟ್ ಕೊಡು ಎನ್ನುತ್ತಾನೆ. ಇಷ್ಟು ದೊಡ್ಡ ಆಳು, ನಡೆಯಲಾರೆಯಾ, ಮಳೆಯೇನೂ ಬರುವುದಿಲ್ಲ ಎಂಬ ಉತ್ತರ ಸಿಗುತ್ತದೆ. ಮಳೆ ಬರುತ್ತದೆ. ತೊಯ್ದು ತೊಪ್ಪೆಯಾಗಿ ನಡುಗುತ್ತ ಬರುವಾಗ ಪರಿಚಯದವನೊಬ್ಬ ಕಂಡು ಮರುಗಿ, ಒಳಗೆ ಕರೆದು ವಿಸ್ಕಿ ಕುಡಿಸುತ್ತಾನೆ. ಅದುವರೆಗೆ ಬಿಯರಿಗಿಂತ ಮುಂದೆ ಹೋಗದಿದ್ದವನ ಒಳಗೆ ಅಂದು ಬೇರೊಬ್ಬ ಎದ್ದು ಕೂರುತ್ತಾನೆ. ಐದು ಸಾವಿರ ಡಾಲರಿನ ಒಡತಿ ಐದು ಸೆಂಟ್ ಉಳಿಸಿದಳು. ಅಂದು ರಾತ್ರಿ ಮೊದಲ ಬಾರಿಗೆ ಅವನ ಕಣ್ಣು ಕಂಡು ಹೆದರಿದಳು. ಎಂಜಲು ಕೈಯಲ್ಲಿ ಕಾಗೆ ಓಡಿಸದವರನ್ನು ನಾವೆಲ್ಲ ನೋಡಿ ನಕ್ಕಿದ್ದೇವೆ. ಈ ಪ್ರಸಂಗದಲ್ಲಿ ನಗು ಹುಟ್ಟುವುದಿಲ್ಲ.

ಮುಂದಿನದು ಓದಲು ಗಟ್ಟಿ ಮನಸ್ಸು ಬೇಕು. ಕುಡಿದು ಬಂದ ಗಂಡ ಕಾಸಿಗಾಗಿ ಅವಳ ಬೆರಳು ಕಚ್ಚುತ್ತಾನೆ. ಅವಳು ಆ ನೋವನ್ನು ತಡೆದುಕೊಂಡಾಳು, ಪೆಟ್ಟಿಗೆಯ ಬೀಗದ ಕೈ ಕೊಡಳು. ಕೂಡಿಟ್ಟ ನಾಣ್ಯಗಳನ್ನು ಒಬ್ಬಳೇ ಇದ್ದಾಗ ಹೊರತೆಗೆದು, ಸಾಬೂನು ಬೂದಿ ಹಚ್ಚಿ ತಿಕ್ಕಿ ಥಳಥಳ ಎನಿಸುತ್ತಾಳೆ, ಚಿಕ್ಕವನ್ನು ಬಾಯಿಗೆ ಹಾಕಿಕೊಂಡು ಸದ್ದು ಕೇಳುತ್ತಾಳೆ. ಒಂದು ದಿನ ಮ್ಯಾಕ್‌ಟೀಗ್ ಆ ಉಳಿತಾಯವನ್ನು, ನಾನೂರು ಡಾಲರ್, ಕದ್ದು ಓಡಿಹೋಗುತ್ತಾನೆ. ಕಚ್ಚಿಸಿಕೊಂಡ ಬೆರಳುಗಳಿಗೆ ಆಟಿಕೆಯ ಬಣ್ಣ ಸೇರಿ ನಂಜೇರಿ, ಕೆಲವನ್ನು ಕತ್ತರಿಸಬೇಕಾಗುತ್ತದೆ. ಕೆತ್ತನೆ ನಿಲ್ಲುತ್ತದೆ, ಶಿಶುವಿಹಾರವೊಂದರಲ್ಲಿ ನೆಲ ತಿಕ್ಕುವ ಕೆಲಸಕ್ಕೆ ಸೇರುತ್ತಾಳೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಕದ್ದುಹೋದ ನಾನೂರರ ಜಾಗ ತುಂಬಲು ಅವಳು ನೆಂಟನಿಂದ ಅಸಲನ್ನು ಸ್ವಲ್ಪ ಸ್ವಲ್ಪವಾಗಿ ವಾಪಸು ಪಡೆಯತೊಡಗುತ್ತಾಳೆ. ಅವನಿಗೆ ಬೇಸರ ಬಂದು, ಕೊನೆಗೆ ಪೂರ್ತಿ ಲೆಕ್ಕ ಚುಕ್ತಾ ಆಗುತ್ತದೆ. ಎಲ್ಲವೂ ಚಿನ್ನದ ನಾಣ್ಯವಾಗಿಯೇ ಬೇಕು. ಅಂದಮೇಲೆ ಬಡ್ಡಿ ನಿಂತಿತು! ಯಾವ ಇಪ್ಪತ್ತೈದು ಡಾಲರಿಗಾಗಿ ಅಸಲನ್ನು ಕಾಪಾಡಿದ್ದಳೋ ಆ ಇಪ್ಪತ್ತೈದನ್ನೇ ಬಿಟ್ಟುಕೊಟ್ಟು, ಲೋಹವನ್ನು ಹಾಸಿಗೆಯ ಮೇಲೆ ಹರಡಿ, ಬಟ್ಟೆ ಕಳಚಿ ಅದರ ನಡುವೆ ಮಲಗುತ್ತಾಳೆ. ಜಿಪುಣತನಕ್ಕೆ ಒಂದು ಲೆಕ್ಕಾಚಾರವಾದರೂ ಇರುತ್ತದೆ ಎಂದು ನಾವು ನಂಬಿರುತ್ತೇವೆ. ಇಲ್ಲಿ ಲೆಕ್ಕ ಸತ್ತುಹೋಗಿ ಮೋಹ ಮಾತ್ರ ಉಳಿದಿದೆ. ದುರಾಸೆಯ ಬಗ್ಗೆ ಬರೆದ ಎಷ್ಟೋ ಪುಟಗಳಲ್ಲಿ ಇಷ್ಟು ನಿಖರವಾದ ರೋಗಲಕ್ಷಣವನ್ನು ನಾನು ಕಂಡಿಲ್ಲ.

ಹಸಿದ ಮ್ಯಾಕ್‌ಟೀಗ್ ಒಂದು ರಾತ್ರಿ ಅವಳ ಕಿಟಕಿಗೆ ಬಂದು ಊಟ ಕೇಳುತ್ತಾನೆ. ಅವಳು ಕೊಡುವುದಿಲ್ಲ. ನಾನಾಗಿದ್ದರೆ ನಾಯಿಯನ್ನೂ ಹಸಿದಿರಲು ಬಿಡುತ್ತಿರಲಿಲ್ಲ ಎನ್ನುತ್ತಾನೆ. ಆ ನಾಯಿ ನಿನ್ನನ್ನು ಕಚ್ಚಿದ್ದರೆ ಬಿಡುತ್ತಿದ್ದೆಯೇನೋ ಎನ್ನುತ್ತಾಳೆ ಇವಳು. ಆ ಕ್ಷಣ ನನ್ನ ಮನಸ್ಸು ಪೂರ್ತಿ ಟ್ರೀನಾಳ ಪರ. ಹಾಗೆಂದು ಅವಳನ್ನು ಒಪ್ಪಲೂ ಆಗುವುದಿಲ್ಲ, ಏಕೆಂದರೆ ಅವನ ಪ್ರಾಣವಾಗಿದ್ದ ಕಾನ್ಸರ್ಟೀನಾವನ್ನು ಅವಳು ಮಾರಿ ಕಾಸು ಮಾಡಿಕೊಂಡಿದ್ದಾಳೆ. ಸಂಗೀತ ವಾದ್ಯಗಳ ಅಂಗಡಿಯಲ್ಲಿ ಅದನ್ನು ಕಂಡಮೇಲೆಯೇ ಅವನು ಶಿಶುವಿಹಾರಕ್ಕೆ ನುಗ್ಗುವುದು, ಅವಳನ್ನು ಹೊಡೆದು ಕೊಲ್ಲುವುದು. 1893ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಶಿಶುವಿಹಾರವೊಂದರಲ್ಲಿ ಕೆಲಸದ ಹೆಂಗಸೊಬ್ಬಳನ್ನು ಅವಳ ಗಂಡ ಹಣಕ್ಕಾಗಿ ಕೊಂದಿದ್ದ. ನಾರಿಸ್‌ಗೆ ಕಥೆಯ ಬೀಜ ಸಿಕ್ಕಿದ್ದು ಆ ಸುದ್ದಿಯಿಂದ. ಹಣಕ್ಕಾಗಿ ನಡೆದ ಕೊಲೆಯ ಹಿಂದೆ ಅವನು ಆ ಹಳೆಯ ವಾದ್ಯವನ್ನು ಇಟ್ಟ. ಮ್ಯಾಕ್‌ಟೀಗ್ ಮೂಲತಃ ಹಣದ ಮನುಷ್ಯನೇ ಅಲ್ಲ. ಅವನು ಕೆಟ್ಟದ್ದು ಇನ್ನೊಬ್ಬರ ದುರಾಸೆಯ ಪಕ್ಕದಲ್ಲಿ ಬದುಕಿ.

ಉಪಕಥೆ ಎರಡಿವೆ. ಒಂದು ಚೆನ್ನಾಗಿಲ್ಲ, ಒಂದು ಬಹಳ ಚೆನ್ನಾಗಿದೆ. ಗುಜರಿ ವ್ಯಾಪಾರಿ ಜರ್ಕೋವ್, ನೂರು ತುಂಡುಗಳ ಚಿನ್ನದ ಊಟದ ಪಾತ್ರೆಗಳ ಬಗ್ಗೆ ಮರಿಯಾ ಹೇಳುವ ಕಥೆಯನ್ನು ಕೇಳಿ ಕೇಳಿ ಹುಚ್ಚನಾಗಿ, ಆ ಕಥೆ ಕೇಳುವುದಕ್ಕೆಂದೇ ಅವಳನ್ನು ಮದುವೆಯಾಗುತ್ತಾನೆ. ಅವಳಿಗೆ ಅದು ಮರೆತುಹೋದಾಗ ಪಾತ್ರೆ ಬಚ್ಚಿಟ್ಟಿದ್ದಾಳೆಂದು ಕತ್ತು ಕುಯ್ಯುತ್ತಾನೆ. ಟ್ರೀನಾ ಬಾಡಿಗೆಗೆ ಹಿಡಿದ ಮನೆ ಇವನದೇ. ಕಲ್ಪನೆ ಸೊಗಸು, ಆದರೆ ಜರ್ಕೋವ್ ಯಹೂದಿ, ಅವನ ಚಿತ್ರಣ ಆ ಕಾಲದ ಯಹೂದಿದ್ವೇಷದ ಅಚ್ಚಿನಿಂದ ತೆಗೆದದ್ದು. ಇದಕ್ಕೆ ಕಾಲದ ನೆಪ ಹೇಳಿ ಮುಚ್ಚಿಹಾಕುವುದು ನನಗೆ ಇಷ್ಟವಿಲ್ಲ. ಇನ್ನೊಂದು, ವಯಸ್ಸಾದ ಗ್ರಾನಿಸ್ ಮತ್ತು ಮಿಸ್ ಬೇಕರ್. ತೆಳುಗೋಡೆಯ ಆಚೀಚೆ ವರ್ಷಗಟ್ಟಲೆ ಒಬ್ಬರ ಸದ್ದನ್ನೊಬ್ಬರು ಆಲಿಸುತ್ತ, ನಾಚಿಕೆಯಿಂದ ಮಾತನಾಡದೆ ಉಳಿದವರು. ಸಂಜೆ ಪುಸ್ತಿಕೆಗಳಿಗೆ ರಟ್ಟು ಕಟ್ಟುವುದು ಗ್ರಾನಿಸ್‌ನ ಹವ್ಯಾಸ. ಅದಕ್ಕಾಗಿ ತಾನೇ ರೂಪಿಸಿದ್ದ ಸಲಕರಣೆಯ ಹಕ್ಕನ್ನು ಮಾರಿ ಹಣ ಬಂದ ಸಂಜೆ ಅವನು ಮಾಡಲು ಕೆಲಸವಿಲ್ಲದೆ ಕಂಗಾಲಾಗಿ ಕೂರುತ್ತಾನೆ, ಆಗ ಮಿಸ್ ಬೇಕರ್ ಚಹಾ ಹಿಡಿದು ಬಾಗಿಲಿಗೆ ಬರುತ್ತಾಳೆ. ಇಡೀ ಪುಸ್ತಕದಲ್ಲಿ ಹಣ ಪಡೆದು ಸೋತೆನೆಂದು ಅನಿಸಿದವನು ಅವನೊಬ್ಬನೇ, ಗೆದ್ದವನೂ ಅವನೊಬ್ಬನೇ.

ಕೊನೆಯ ಭಾಗ ಡೆತ್ ವ್ಯಾಲಿಯ ಮರುಭೂಮಿಯಲ್ಲಿ. ಐದು ಸಾವಿರದೊಂದಿಗೆ ತಲೆಮರೆಸಿಕೊಂಡ ಮ್ಯಾಕ್‌ಟೀಗ್‌ನನ್ನು ಮಾರ್ಕಸ್ ಅಟ್ಟಿಸಿಕೊಂಡು ಬರುತ್ತಾನೆ. ಹೇಸರಗತ್ತೆ ಸಾಯುತ್ತದೆ, ಅದರೊಂದಿಗೆ ಇದ್ದ ನೀರೂ ಹೋಗುತ್ತದೆ. ಇಬ್ಬರಿಗೂ ಸಾವು ಖಚಿತ. ಆಗ ಸತ್ತ ಪ್ರಾಣಿಯ ಬೆನ್ನ ಮೇಲಿನ ಗಂಟು ಯಾರದೆಂಬ ಬಗ್ಗೆ ಜಗಳ ತೆಗೆದು ಹೊಡೆದಾಡುತ್ತಾರೆ. ಮಾರ್ಕಸ್ ಸಾಯುತ್ತಾನೆ, ಆದರೆ ಸಾಯುವ ಮುನ್ನ ಹೇಗೋ ಇಬ್ಬರ ಕೈಗಳನ್ನೂ ಒಂದೇ ಬೇಡಿಯಲ್ಲಿ ಬಿಗಿದುಬಿಟ್ಟಿರುತ್ತಾನೆ. ಕೆಲವರಿಗೆ ಇದು ತೀರಾ ನಾಟಕೀಯ ಎನಿಸುತ್ತದೆ, ನನಗೂ ಸ್ವಲ್ಪ ಹಾಗೆಯೇ. ಬೀದಿಯ ಕಥೆಯನ್ನು ಬೀದಿಯಲ್ಲೇ ಮುಗಿಸಿದ್ದರೆ ಇನ್ನೂ ಚೆನ್ನಾಗಿತ್ತು.

ನಾರಿಸ್ ಫ್ರಾನ್ಸಿನ ಕಾದಂಬರಿಕಾರ ಎಮಿಲ್ ಝೋಲಾನ ಹಾದಿ ಹಿಡಿದವನು. ರಕ್ತ, ವಂಶ, ಪರಿಸರ ಸೇರಿ ಮನುಷ್ಯನ ಹಣೆಬರಹ ಬರೆಯುತ್ತವೆ ಎಂದು ನಂಬಿದವನು. ಹಾಗಾಗಿ ಟ್ರೀನಾಳ ಜಿಪುಣತನ ಅವಳ ಸ್ವಿಸ್ ರೈತ ಪೂರ್ವಜರಿಂದ ಬಂತೆಂದೂ, ಮ್ಯಾಕ್‌ಟೀಗ್‌ನ ಕ್ರೌರ್ಯ ಕುಡುಕ ತಂದೆಯ ರಕ್ತದ್ದೆಂದೂ ನಡುನಡುವೆ ನಮಗೆ ಪಾಠ ಹೇಳುತ್ತಾನೆ. ಆ ಸಾಲುಗಳನ್ನು ದಾಟಿಕೊಂಡು ಓದಿ. ಕಥೆಯೇ ಬೇರೆ ಸಾಕ್ಷಿ ಹೇಳುತ್ತದೆ: ಲಾಟರಿಗೆ ಮುಂಚೆಯೂ ಟ್ರೀನಾಳ ಮೈಯಲ್ಲಿ ಅದೇ ರಕ್ತ ಹರಿಯುತ್ತಿತ್ತು, ಆದರೂ ಆಗ ಅವಳು ಕೈಬಿಗಿಯ, ನಗುಮುಖದ ಹುಡುಗಿಯಷ್ಟೇ ಆಗಿದ್ದಳು.

ಒಂದು ತಮಾಷೆ ಹೇಳಿಬಿಡುತ್ತೇನೆ. ಪುಸ್ತಕ ಬಂದಾಗ ಜನರನ್ನು ಬಹಳ ಕೆಣಕಿದ್ದು, ನಾಟಕ ನೋಡಲು ಹೋದ ಚಿಕ್ಕ ಹುಡುಗನೊಬ್ಬ ಚಡ್ಡಿ ಒದ್ದೆ ಮಾಡಿಕೊಳ್ಳುವ ಪ್ರಸಂಗ. ನಂತರದ ಮುದ್ರಣದಲ್ಲಿ ಅದನ್ನು ತೆಗೆದು ಬೇರೆ ಬರೆಸಲಾಯಿತು. ಬೆರಳು ಕಚ್ಚುವುದು, ಹೆಂಡತಿಯ ಕೊಲೆ ಎಲ್ಲವೂ ಇದ್ದಂತೆಯೇ ಉಳಿದವು. ಈಗ ಸಿಗುವ ಒಳ್ಳೆಯ ಆವೃತ್ತಿಗಳಲ್ಲಿ ಹುಡುಗ ಮರಳಿದ್ದಾನೆ.

ಹಕ್ಕುಸ್ವಾಮ್ಯ ಎಂದೋ ಮುಗಿದಿರುವುದರಿಂದ ಇಂಗ್ಲಿಷ್ ಮೂಲ ಅಂತರ್ಜಾಲದಲ್ಲಿ ಉಚಿತವಾಗಿಯೇ ಸಿಗುತ್ತದೆ. ಮೊದಲ ನಾಲ್ಕೈದು ಅಧ್ಯಾಯಗಳು ನಿಧಾನ, ಲಾಟರಿ ಬರುವವರೆಗೆ ತಾಳ್ಮೆ ಇರಲಿ. ಎರಿಕ್ ಫಾನ್ ಸ್ಟ್ರೋಹೈಮ್ ಇದನ್ನು ‘ಗ್ರೀಡ್’ ಎಂಬ ಮೂಕಿಚಿತ್ರವಾಗಿ ಮಾಡಿದ, 1924ರಲ್ಲಿ. ಎಂಟು ಗಂಟೆಗೂ ಮೀರಿದ್ದ ಚಿತ್ರವನ್ನು ಸ್ಟುಡಿಯೋದವರು ಕತ್ತರಿಸಿ ಎರಡೂಕಾಲು ಗಂಟೆಯ ಆಸುಪಾಸಿಗೆ ಇಳಿಸಿದರು. ಉಳಿದಷ್ಟೂ ಅದ್ಭುತ. ಆದರೆ ಪುಸ್ತಕ ಮೊದಲು ಓದಿ, ಚಿತ್ರ ಆಮೇಲೆ.