55ರ ಮೇಲೆ ಮತ್ತೆ ಕ್ಯಾಮೆರಾ ಹಿಡಿಯೋಣ ಅಂತಿದ್ದೇನೆ, ಯಾವುದನ್ನು ಕೊಳ್ಳಲಿ?

ಕಾಲೇಜಿನಲ್ಲಿ ಫೋಟೋ ಹುಚ್ಚಿತ್ತು, ಆಮೇಲೆ ಬಿಟ್ಟುಹೋಯಿತು, ಹಳೆಯ ಫಿಲಂ ಕ್ಯಾಮೆರಾ ಇನ್ನೂ ಬೀರುವಿನಲ್ಲಿದೆ ಅಂದಿದ್ದೀರಿ. ನನ್ನದೂ ಇದೇ ಕಥೆ. ಸದ್ಯಕ್ಕೆ ಏನೂ ಕೊಳ್ಳಬೇಡಿ. ಮೊದಲು ಆ ಹಳೆಯದನ್ನು ಹೊರಗೆ ತೆಗೆಯಿರಿ.

ನಾನು ತೆಗೆದದ್ದು ಇಪ್ಪತ್ತು ವರ್ಷದ ಮೇಲೆ. ಬ್ಯಾಟರಿ ಸೋರಿ ಹಸಿರುಗಟ್ಟಿತ್ತು. ಬೆಳಕು ಒಳಗೆ ನುಗ್ಗದಂತೆ ಹಿಂಬಾಗಿಲಿಗೆ ಸ್ಪಂಜು ಅಂಟಿಸಿರುತ್ತಾರಲ್ಲ, ಅದು ಕರಗಿ ಕೈಗೆಲ್ಲ ಮೆತ್ತಿಕೊಂಡಿತು. 50 ಎಂಎಂ ಲೆನ್ಸ್ ಮಾತ್ರ ಪುಣ್ಯಕ್ಕೆ ಚೆನ್ನಾಗಿತ್ತು. ಅದನ್ನು ಪಕ್ಕಕ್ಕಿಟ್ಟು, ಹೊಸ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಡಿಜಿಟಲ್) ಕ್ಯಾಮೆರಾ ಕೊಂಡೆ.

ಎರಡೇ ತಿಂಗಳಿಗೆ ಬೇಜಾರಾಯಿತು. ಫೋಟೋಗಳೇನೋ ಚೆನ್ನಾಗಿಯೇ ಬರುತ್ತಿದ್ದವು, ಫೋಕಸ್ ಅದೇ ಮಾಡಿಕೊಳ್ಳುತ್ತಿತ್ತಲ್ಲ. ಆದರೆ ವ್ಯೂಫೈಂಡರ್‌ನಲ್ಲಿ ಕಣ್ಣಿಟ್ಟರೆ ಎಲ್ಲ ಮಂಜು ಮಂಜು. ತೆಗೆಯುವಾಗ ಏನೂ ಕಾಣದಿದ್ದರೆ ಮಜಾ ಎಲ್ಲಿಂದ ಬರಬೇಕು? ವಯಸ್ಸಾಯಿತು, ಆಸೆ ಬತ್ತಿತು ಅಂದುಕೊಂಡು ಸುಮ್ಮನಾದೆ.

ಒಂದು ದಿನ ಮಗಳು ಸುಮ್ನೆ ಕ್ಯಾಮೆರಾ ತಿರುವಿ ನೋಡುತ್ತಿದ್ದವಳು, "ಅಪ್ಪಾ, ಈ ಪುಟ್ಟ ಚಕ್ರ ಯಾಕಿದೆ?" ಅಂದಳು. ವ್ಯೂಫೈಂಡರ್ ಪಕ್ಕದ ಡಯಾಪ್ಟರ್ ಚಕ್ರ. ನೋಡುವವರ ಕಣ್ಣಿಗೆ ತಕ್ಕಂತೆ ಹೊಂದಿಸಿಕೊಳ್ಳುವುದಕ್ಕೇ ಇರುವುದು. ನಾಲ್ಕು ಸಲ ತಿರುಗಿಸಿದೆ, ಒಳಗಿನ ಅಂಕಿಗಳೆಲ್ಲ ಗೆರೆ ಕೊರೆದ ಹಾಗೆ ಕಂಡವು. ಇಷ್ಟಕ್ಕೆ ಎರಡು ತಿಂಗಳು ಕೊರಗಿದ್ದೆ!

40 ದಾಟಿದ ಮೇಲೆ ಕಣ್ಣಿನ ಲೆನ್ಸ್ ಬಿಗಿಯಾಗುತ್ತಾ ಹೋಗುತ್ತದೆ, ಹತ್ತಿರದ್ದು ಮಸುಕಾಗುತ್ತದೆ. ನಮ್ಮ ವಯಸ್ಸಿನವರು ಕ್ಯಾಮೆರಾ ಹಿಡಿದ ಕೂಡಲೇ ಮಾಡಬೇಕಾದ ಕೆಲಸ ಆ ಚಕ್ರ ಹೊಂದಿಸಿಕೊಳ್ಳುವುದು. ಚಕ್ರ ತಿರುಗಿಸುವಾಗ ಎದುರಿನ ದೃಶ್ಯ ನೋಡಬೇಡಿ, ವ್ಯೂಫೈಂಡರ್ ಒಳಗಿನ ಅಂಕಿ ನೋಡಿ. ಕನ್ನಡಕ ಹಾಕಿಕೊಂಡು ತೆಗೆಯುತ್ತೀರೋ ತೆಗೆದಿಟ್ಟೋ, ಅದನ್ನು ಮೊದಲೇ ನಿರ್ಧರಿಸಿ. ಇಲ್ಲದಿದ್ದರೆ ಪ್ರತಿ ಸಲವೂ ತಿರುಗಿಸುತ್ತಾ ಕೂರಬೇಕಾಗುತ್ತದೆ.

ಕಣ್ಣು ಸರಿಹೋಯಿತು, ಆಗ ಹಳೆಯ ಲೆನ್ಸ್ ನೆನಪಾಯಿತು. ಮಿರರ್‌ಲೆಸ್‌ನಲ್ಲಿ ಕನ್ನಡಿ ಇಲ್ಲ, ಹಾಗಾಗಿ ಬಾಡಿ ತೆಳ್ಳಗೆ. ಹಳೆಯ ಲೆನ್ಸ್‌ಗೆ ಬೇಕಾದ ದೂರವನ್ನು ನಡುವೆ ಒಂದು ಅಡಾಪ್ಟರ್ ತುಂಬಿಕೊಡುತ್ತದೆ. ಹಳೆಯ ಲೆನ್ಸ್ ಹಾಕಿದ್ದು ಕ್ಯಾಮೆರಾಕ್ಕೆ ಗೊತ್ತಾಗುವುದಿಲ್ಲ, ಅದಕ್ಕೇ ಮೆನುವಿನಲ್ಲಿ 'ಲೆನ್ಸ್ ಇಲ್ಲದೆಯೂ ಶಟರ್ ಒತ್ತಬಹುದು' ಎಂಬ ಅರ್ಥದ್ದೊಂದು ಆಯ್ಕೆ ಇರುತ್ತದೆ, ಅದನ್ನು ಆನ್ ಮಾಡಬೇಕು. ನನ್ನ ಕ್ಯಾಮೆರಾದ ಸೆನ್ಸರ್ (ಫಿಲಂ ಜಾಗದಲ್ಲಿ ಚಿತ್ರ ಹಿಡಿಯುವ ಭಾಗ) ಫಿಲಂಗಿಂತ ಚಿಕ್ಕದು, ಆದ್ದರಿಂದ 50 ಎಂಎಂ ಲೆನ್ಸ್ 75 ಎಂಎಂನ ಹಾಗೆ, ತುಸು ಹತ್ತಿರಕ್ಕೆ ಎಳೆದು ತೋರಿಸುತ್ತದೆ. ಮುಖಗಳಿಗೆ ಅದೇ ಚೆಂದ.

ಆ ಲೆನ್ಸ್ ಹಾಕಿ, ಬೆಳಕು ಒಳಬರುವ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಅಪರ್ಚರ್ ರಿಂಗ್ ತಿರುಗಿಸಿದಾಗ ಟಕ್ ಟಕ್ ಅಂತ ಸದ್ದು ಬಂತು. ಇದರಲ್ಲಿ ಫೋಕಸ್ ಕೈಯಿಂದಲೇ ಮಾಡಬೇಕು. ಯಾವ ಕಡೆ ತಿರುಗಿಸಬೇಕು ಅಂತ ಯೋಚಿಸಲೇ ಇಲ್ಲ, ಬೆರಳಿಗೆ ಗೊತ್ತಿತ್ತು. ಆ ಸಂಜೆ ಕಿಟಕಿ ಪಕ್ಕ ಓದುತ್ತಿದ್ದ ಹೆಂಡತಿಯ ಹನ್ನೊಂದು ಫೋಟೋ ತೆಗೆದೆ. ಒಂಬತ್ತು ಔಟ್ ಆಫ್ ಫೋಕಸ್. ಆದರೂ ರಾತ್ರಿ ಮಲಗುವವರೆಗೆ ಅವನ್ನೇ ನೋಡುತ್ತಿದ್ದೆ.

ಫಿಲಂ ರೋಲಿನ ಹಾಗೆ ದಿನಕ್ಕೆ 36 ಫೋಟೋಗೇ ನಿಲ್ಲಿಸುತ್ತೇನೆ ಅಂತ ಒಂದು ವ್ರತವನ್ನೂ ಹಿಡಿದೆ. ಮೂರನೇ ದಿನವೇ ಮುರಿಯಿತು.

ನಿಮ್ಮ ಲೆನ್ಸನ್ನು ಬಾಡಿಯಿಂದ ಬಿಚ್ಚಿ, ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಒಳಗೆ ಜೇಡರಬಲೆಯಂಥ ಎಳೆಗಳು ಕಂಡರೆ ಅದು ಫಂಗಸ್, ರಿಪೇರಿಯವರಿಗೆ ತೋರಿಸಬೇಕು. ಕಾಣದಿದ್ದರೆ ಲೆನ್ಸ್ ಮೇಲೆ ಏನು ಬರೆದಿದೆ ಅಂತ ತಿಳಿಸಿ. ಯಾವ ಅಡಾಪ್ಟರ್ ಬೇಕು ಅಂತ ನೋಡೋಣ, ಕ್ಯಾಮೆರಾ ಆಮೇಲೆ.