ಡಿಸೈನ್ ಓದಲು ಬರುವ ತಂಗಿಗೆ: ಸ್ಟುಡಿಯೋ ಕೆಲಸದ ಜೊತೆಗೇ ಬರವಣಿಗೆ

ತಂಗಿ, ಬೆಂಗಳೂರಿನಲ್ಲಿ ಡಿಸೈನ್ ಡಿಗ್ರಿ ಮುಗಿಸಿ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿಗೆ ಒಂದು ವರ್ಷದ ಎಂ.ಎ.ಗೆ ಬರುತ್ತಿದ್ದೀಯ. "ಅಕ್ಕಾ, ಡ್ರಾಯಿಂಗ್, ಸಾಫ್ಟ್‌ವೇರ್ ಎಲ್ಲ ಬರುತ್ತೆ. ಅಲ್ಲಿ ಪುಟಗಟ್ಟಲೆ ಬರೆಯಬೇಕಂತೆ, ಅದಕ್ಕೆ ಹೇಗೆ ತಯಾರಾಗಲಿ? ನಮ್ಮ ಧಾರವಾಡದ ಕಸೂತಿ ಮೇಲೆ ಡಿಸರ್ಟೇಶನ್ (ಕೋರ್ಸಿನ ಕೊನೆಯ ದೊಡ್ಡ ಸಂಶೋಧನಾ ಪ್ರಬಂಧ) ಮಾಡಬಹುದಾ?" ಅಂತ ಕೇಳಿದ್ದೀಯ. ಚಳಿ, ಬಾಡಿಗೆ, ಕುಕ್ಕರ್ ವಿಷಯ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ನಮ್ಮ ಡಿಸೈನ್ ಮಕ್ಕಳು ಎಡವುವುದು ಬರವಣಿಗೆಯಲ್ಲಿ. ಅದಕ್ಕೇ ಅದನ್ನಷ್ಟೇ ಹೇಳುತ್ತೇನೆ.

ಮೊದಲು ಲೆಕ್ಕ ತಿಳಿದುಕೋ. ಇಲ್ಲಿನ ಎಂ.ಎ. ಅಂದರೆ 180 ಕ್ರೆಡಿಟ್. ಒಂದು ಕ್ರೆಡಿಟ್ಟಿಗೆ 10 ಗಂಟೆ ಕಲಿಕೆ ಅಂತ ಎಣಿಕೆ. 20 ಕ್ರೆಡಿಟ್ಟಿನ ಒಂದು ವಿಷಯಕ್ಕೆ 200 ಗಂಟೆ ಆಯಿತು. ಅದರಲ್ಲಿ ವಾರಕ್ಕೆ ಮೂರು ಗಂಟೆ ಕ್ಲಾಸು ಇದ್ದರೆ ಹತ್ತು ವಾರಕ್ಕೆ 30 ಗಂಟೆ. ಉಳಿದ 170 ಗಂಟೆ ನೀನೇ ಓದಬೇಕು, ಮಾಡಬೇಕು, ಬರೆಯಬೇಕು. ಟೈಮ್‌ಟೇಬಲ್ಲಿನಲ್ಲಿ ವಾರಕ್ಕೆ ಎರಡೇ ದಿನ ಕ್ಲಾಸು ಕಂಡು "ಪರವಾಗಿಲ್ಲ, ಆರಾಮಿದೆ" ಅಂದುಕೊಂಡವರು ನವೆಂಬರ್ ಹೊತ್ತಿಗೆ ಕಂಗಾಲಾಗುತ್ತಾರೆ. ಆ ಖಾಲಿ ದಿನಗಳು ರಜೆಯಲ್ಲ.

ಅಂಕದ ವಿಷಯವೂ ಅಷ್ಟೇ. ಎಂ.ಎ.ಗೆ ಸಾಮಾನ್ಯವಾಗಿ 50 ಬಂದರೆ ಪಾಸು, 60 ಮೆರಿಟ್, 70 ಡಿಸ್ಟಿಂಕ್ಷನ್. ನಮ್ಮಲ್ಲಿ 85 ತೆಗೆದವಳಿಗೆ ಇಲ್ಲಿ 62 ಬಂದರೆ ಅಳು ಬರುತ್ತದೆ. ಅಳಬೇಡ, 62 ಒಳ್ಳೆಯ ಅಂಕ. ಮನೆಯವರಿಗೂ ಇದನ್ನು ಮೊದಲೇ ಹೇಳಿಡು.

ಈಗ ಮುಖ್ಯ ಮಾತು. ಡಿಸೈನಿಗೆ ಬರವಣಿಗೆ ಯಾಕೆ? ನೀನು ಮಾಡಿದ ವಸ್ತುವನ್ನು ನೋಡಿದವರಿಗೆ ಕೊನೆಯ ರೂಪ ಮಾತ್ರ ಕಾಣುತ್ತದೆ. ಹತ್ತು ದಾರಿಗಳಲ್ಲಿ ಒಂಬತ್ತನ್ನು ಯಾಕೆ ಬಿಟ್ಟೆ ಅನ್ನೋದು ಕಾಣುವುದಿಲ್ಲ. ಇಲ್ಲಿ ಅಂಕದ ದೊಡ್ಡ ಪಾಲು ಆ ಕಾರಣಕ್ಕೇ. ಹಾಗಾಗಿ ಮೊದಲ ವಾರದಿಂದಲೇ ಒಂದು ದಿನಚರಿ ಇಡು. ದಿನಕ್ಕೆ ಐದಾರು ಸಾಲು ಸಾಕು: ಏನು ಮಾಡಿದೆ, ಏನನ್ನು ಕೈಬಿಟ್ಟೆ, ಯಾಕೆ, ಮುಂದೇನು. ತಾರೀಖು ಹಾಕು. ಕೆಟ್ಟ ಸ್ಕೆಚ್ಚಿನ ಹಾಳೆ ಹರಿದು ಬಿಸಾಡಬೇಡ. ಕ್ಲೀನಾಗಿ ಕಾಣಲಿ ಅಂತ ಸ್ಕೆಚ್‌ಬುಕ್ಕನ್ನು ಕೊನೆಗೆ ಹೊಸದಾಗಿ ಬರೆದು ಕೊಡುವ ಅಭ್ಯಾಸ ನಮ್ಮವರಲ್ಲಿದೆ. ಇಲ್ಲಿ ಅದರಿಂದ ಅಂಕ ಹೋಗುತ್ತದೆ, ಯಾಕೆಂದರೆ ಯೋಚನೆ ನಡೆದ ಗುರುತೇ ಅಳಿಸಿಹೋಗಿರುತ್ತದೆ.

ಇದರ ಮೇಲೆಯೇ ರಿಫ್ಲೆಕ್ಟಿವ್ ಬರವಣಿಗೆ ಕೇಳುತ್ತಾರೆ, ಅಂದರೆ ಮಾಡಿದ ಕೆಲಸವನ್ನು ಹಿಂತಿರುಗಿ ನೋಡಿ ಕಲಿತದ್ದನ್ನು ಬರೆಯುವುದು. ಬಹಳ ಕಡೆ ಗಿಬ್ಸ್ ಅನ್ನುವವರು 1988ರಲ್ಲಿ ಕೊಟ್ಟ ಚಕ್ರವನ್ನು ಹಿಡಿದು ಬರೆಸುತ್ತಾರೆ. ಅದರಲ್ಲಿ ಆರು ಹಂತ: ನಡೆದದ್ದು, ಅನಿಸಿದ್ದು, ಒಳ್ಳೆಯದು-ಕೆಟ್ಟದ್ದು, ವಿಶ್ಲೇಷಣೆ, ತೀರ್ಮಾನ, ಮುಂದಿನ ಹೆಜ್ಜೆ. ಬಹುತೇಕರು 1000 ಪದದಲ್ಲಿ 700 ಪದವನ್ನು "ನಡೆದದ್ದು" ಹೇಳುವುದಕ್ಕೇ ಖರ್ಚು ಮಾಡುತ್ತಾರೆ. ಅದನ್ನು 150ಕ್ಕೆ ಮುಗಿಸಿ, ವಿಶ್ಲೇಷಣೆಗೆ 400 ಇಡು. ಈ ಬಗೆಯ ಬರಹದಲ್ಲಿ "ನಾನು" ಅಂತ ಬರೆಯಬಹುದು. ಪ್ರಬಂಧದಲ್ಲಿ ಬರೆಯಬಹುದೋ ಇಲ್ಲವೋ ಅನ್ನುವುದನ್ನು ನಿನ್ನ ವಿಭಾಗದಲ್ಲಿ ಕೇಳು, ಒಂದೊಂದು ಕಡೆ ಒಂದೊಂದು ರೀತಿ.

ಇನ್ನು ನಕಲಿನ ವಿಷಯ. ನಮ್ಮಲ್ಲಿ ಪುಸ್ತಕದ ಮಾತನ್ನು ಹಾಗೆಯೇ ಒಪ್ಪಿಸಿದರೆ ಅದು ಓದಿನ ಗುರುತು. ಇಲ್ಲಿ ಅದು ತಪ್ಪು, ವಿಚಾರಣೆಯವರೆಗೂ ಹೋಗಬಹುದು. ಬೇಕಂತಲೇ ಕದಿಯುವವರು ಕಡಿಮೆ. ಹೆಚ್ಚಿನವರು ಸಿಕ್ಕಿಬೀಳುವುದು ಪದ ಬದಲಾಯಿಸಿ ಬರೆದಾಗ. ಕಸೂತಿಯಿಂದಲೇ ತೋರಿಸುತ್ತೇನೆ. ಗವಂತಿ ಅನ್ನುವ ಕಸೂತಿ ಹೊಲಿಗೆಯ ಬಗ್ಗೆ ಯಾವುದೋ ಪುಸ್ತಕದಲ್ಲಿ ಹೀಗಿದೆ ಅಂತ ಇಟ್ಟುಕೋ: "ಗವಂತಿಯಲ್ಲಿ ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣುತ್ತದೆ, ಗಂಟು ಹಾಕುವುದಿಲ್ಲ." ನೀನು "ಗವಂತಿ ಹೊಲಿಗೆಯಲ್ಲಿ ವಸ್ತ್ರದ ಎರಡೂ ಮಗ್ಗುಲು ಸಮಾನವಾಗಿ ಕಾಣುತ್ತವೆ, ಗಂಟು ಬಳಸುವುದಿಲ್ಲ" ಅಂತ ಬರೆದರೆ ಅದು ಅದೇ ವಾಕ್ಯಕ್ಕೆ ಬೇರೆ ಅಂಗಿ ತೊಡಿಸಿದ ಹಾಗೆ. ಕೆಳಗೆ ಲೇಖಕರ ಹೆಸರು ಹಾಕಿದರೂ ಅದು ನಿನ್ನ ವಾಕ್ಯ ಆಗುವುದಿಲ್ಲ. ಪುಸ್ತಕ ಮುಚ್ಚು. ಅದು ಹೇಳಿದ್ದೇನು ಅಂತ ಕನ್ನಡದಲ್ಲೇ ಅಮ್ಮನಿಗೆ ಹೇಳುವ ಹಾಗೆ ಎರಡು ಸಾಲು ಗೀಚು. ಆಮೇಲೆ ಅದನ್ನು ಇಂಗ್ಲಿಷಿನಲ್ಲಿ ಬರೆ: ಗಂಟಿಲ್ಲದೆ ಎರಡೂ ಬದಿ ಒಂದೇ ಆಗಬೇಕಾದರೆ ಸೂಜಿ ಹೋದ ದಾರಿಯಲ್ಲೇ ವಾಪಸ್ ಬಂದು ಬಿಟ್ಟ ಜಾಗಗಳನ್ನು ತುಂಬಬೇಕು (ಇಲ್ಲಿ ಲೇಖಕರ ಮನೆತನದ ಹೆಸರು, ಇಸವಿ, ಪುಟ). ಅಂದರೆ ಹೊಲಿಯುವವಳು ಮೊದಲ ಎಳೆ ಹಾಕುವ ಮುಂಚೆಯೇ ಮರಳುವ ದಾರಿಯನ್ನು ತಲೆಯಲ್ಲಿ ಲೆಕ್ಕ ಹಾಕಿರಬೇಕು. ಈ ಕೊನೆಯ ವಾಕ್ಯ ನಿನ್ನದು. ಟ್ಯೂಟರ್ ಕಾಯುತ್ತಿರುವುದು ಆ ವಾಕ್ಯಕ್ಕೇ. "ಬಿ ಮೋರ್ ಕ್ರಿಟಿಕಲ್" ಅಂತ ಬರೆದು ಕೊಟ್ಟರೆ ಅದರ ಅರ್ಥ ಲೇಖಕರನ್ನು ಬೈ ಅಂತಲ್ಲ, ಹೀಗೆ ಒಂದು ಹೆಜ್ಜೆ ಮುಂದೆ ಹೋಗು ಅಂತ. "ಸೋ ವಾಟ್?" ಅಂತ ಅಂಚಿನಲ್ಲಿ ಬರೆದರೂ ಅದೇ ಅರ್ಥ, ಸಿಟ್ಟಲ್ಲ.

ನಿನ್ನ ಬರಹ ಬೇರೆ ಬರಹಗಳಿಗೆ ಎಷ್ಟು ಹೋಲುತ್ತದೆ ಅಂತ ನೋಡುವ ಟರ್ನಿಟಿನ್ ಸಾಫ್ಟ್‌ವೇರ್ ತೋರಿಸುವ ಶೇಕಡಾವಾರು ನೋಡಿ ಹೆದರಬೇಡ, ನಂಬಲೂಬೇಡ. ಉದ್ಧರಣೆ, ಆಕರಪಟ್ಟಿ ಎಲ್ಲ ಸೇರಿ 25 ಬಂದರೂ ಏನೂ ಆಗದಿರಬಹುದು. 8 ಬಂದು, ಆ 8 ಪೂರ್ತಿ ಒಂದೇ ಪ್ಯಾರಾದಲ್ಲಿದ್ದರೆ ತೊಂದರೆ.

ಆಕರಗಳನ್ನು ಓದಿದ ಕ್ಷಣವೇ ಝೊಟೆರೋ ಅನ್ನುವ, ಆಕರಗಳನ್ನು ಜೋಡಿಸಿಡುವ ಸಾಫ್ಟ್‌ವೇರಿನಲ್ಲಿ ಸೇರಿಸು. ಅದು ಪುಕ್ಕಟೆ. ನೋಟ್ಸಿನಲ್ಲಿ ಪುಟದ ಸಂಖ್ಯೆ ಬರೆಯದೆ ಬಿಟ್ಟರೆ ಕೊನೆಯ ರಾತ್ರಿ ಅದನ್ನು ಹುಡುಕುವುದರಲ್ಲೇ ಬೆಳಗಾಗುತ್ತದೆ. ಚಿತ್ರಗಳಿಗೂ ಇದೇ ನಿಯಮ: ಚಿತ್ರದ ಸಂಖ್ಯೆ, ಮಾಡಿದವರು, ಇಸವಿ, ಎಲ್ಲಿಂದ ತೆಗೆದದ್ದು. ಪಿಂಟರೆಸ್ಟ್ ಆಕರವಲ್ಲ. ಚಿತ್ರವನ್ನೇ ಹಾಕಿ ಹಿಮ್ಮುಖವಾಗಿ ಹುಡುಕಿ ಮೂಲಕ್ಕೆ ಹೋಗು. ಎಐ ಬಳಸಬಹುದೇ ಅನ್ನುವುದು ಪ್ರತಿ ಅಸೈನ್‌ಮೆಂಟಿಗೂ ಬೇರೆ ಇರಬಹುದು, ಬ್ರೀಫಿನಲ್ಲಿ (ಅದರ ಸೂಚನಾ ಪತ್ರದಲ್ಲಿ) ಓದು. ಬಳಸಿದ್ದರೆ ಹೇಳಿಬಿಡು. ಅದು ಕೊಟ್ಟ ಪುಸ್ತಕದ ಹೆಸರನ್ನು ಲೈಬ್ರರಿ ಕ್ಯಾಟಲಾಗಿನಲ್ಲಿ ಹುಡುಕಿ, ಸಿಕ್ಕಿ, ತೆರೆದು ಓದುವ ತನಕ ಬಳಸಬೇಡ. ಇಲ್ಲದ ಪುಸ್ತಕವನ್ನು ಇದೆ ಅಂತ ಅದು ಸಲೀಸಾಗಿ ಹೇಳುತ್ತದೆ.

ಕಸೂತಿ ಮೇಲೆ ಖಂಡಿತ ಮಾಡು. ಆದರೆ "ಧಾರವಾಡದ ಕಸೂತಿ: ಇತಿಹಾಸ ಮತ್ತು ಮಹತ್ವ" ಅಂತ ಬೇಡ. ಅದು ಪ್ರಶ್ನೆಯಲ್ಲ, 15,000 ಪದದಲ್ಲೂ ಮುಗಿಯುವುದಿಲ್ಲ. ಸಣ್ಣದು ಮಾಡು. ಗವಂತಿ, ಮುರಗಿ, ನೇಗಿ, ಮೆಂತೆ ಅಂತ ನಾಲ್ಕು ಹೊಲಿಗೆ ಇವೆ. ಸಾಂಪ್ರದಾಯಿಕವಾಗಿ ಬಟ್ಟೆಯ ಮೇಲೆ ನಕ್ಷೆ ಬರೆಯದೆ, ಎಳೆ ಎಣಿಸಿ ಹಾಕುತ್ತಾರೆ. ಹಾಗಾದರೆ: "ಪಕ್ಕದಲ್ಲಿ ಕೂತು ಕಲಿಸುವವರಿಲ್ಲದ ಹೊಸಬರಿಗೆ ಗವಂತಿಯ ಮರಳುವ ದಾರಿಯನ್ನು ಯಾವ ರೀತಿಯ ಚಿತ್ರಸೂಚನೆ ಸ್ಪಷ್ಟವಾಗಿ ತಿಳಿಸುತ್ತದೆ?" ಇದು ಡಿಸೈನ್ ಪ್ರಶ್ನೆ. ಇದಕ್ಕೆ ನೀನು ಮೂರು ನಮೂನೆ ಮಾಡಿ, ಜನರ ಕೈಗೆ ಕೊಟ್ಟು, ಎಲ್ಲಿ ತಪ್ಪುತ್ತಾರೆ ಅಂತ ನೋಡಬಹುದು.

ಆದರೆ ಜನರ ಕೈಗೆ ಕೊಡುವ ಮೊದಲು, ಅಥವಾ ಊರಿನ ಕಸೂತಿ ಹೆಂಗಸರನ್ನು ಮಾತನಾಡಿಸುವ ಮೊದಲು, ಎಥಿಕ್ಸ್ ಒಪ್ಪಿಗೆ ಬೇಕು, ಅಂದರೆ ಭಾಗವಹಿಸುವವರಿಗೆ ತೊಂದರೆಯಾಗದು ಅಂತ ನೋಡಿ ವಿಶ್ವವಿದ್ಯಾಲಯ ಕೊಡುವ ಅನುಮತಿ. ಇದನ್ನು ದಯವಿಟ್ಟು ಹಗುರಾಗಿ ತಗೋಬೇಡ. ಕ್ರಿಸ್ಮಸ್ ರಜೆಗೆ ಊರಿಗೆ ಹೋದವರು ಖುಷಿಯಲ್ಲಿ ಸಂದರ್ಶನ ರೆಕಾರ್ಡ್ ಮಾಡಿಕೊಂಡು ಬರುತ್ತಾರೆ. ಒಪ್ಪಿಗೆಗೆ ಮುಂಚೆ ಸಂಗ್ರಹಿಸಿದ್ದನ್ನು ಬಳಸಲು ಸಾಮಾನ್ಯವಾಗಿ ಬಿಡುವುದಿಲ್ಲ, ಅಷ್ಟೂ ಶ್ರಮ ನೀರಿನಲ್ಲಿ ಹೋಮ. ಅರ್ಜಿ ನೋಡಿ ಮುಗಿಸಲು ವಿಶ್ವವಿದ್ಯಾಲಯಕ್ಕೆ ವಾರಗಳು ಬೇಕು, ಅದಕ್ಕೇ ಅಕ್ಟೋಬರ್ ಕೊನೆಗೇ ಸೂಪರ್‌ವೈಸರ್ ಹತ್ತಿರ ಮಾತೆತ್ತು. ಮಾಹಿತಿ ಪತ್ರ, ಒಪ್ಪಿಗೆ ಪತ್ರ ಎರಡನ್ನೂ ಕನ್ನಡದಲ್ಲಿ ತಯಾರಿಸಿ ಇಂಗ್ಲಿಷ್ ಪ್ರತಿಯ ಜೊತೆ ಲಗತ್ತಿಸು. ಓದು ಬಾರದ ಅಜ್ಜಿಯರಿದ್ದರೆ ಓದಿ ಹೇಳಿ ಬಾಯಿಮಾತಿನ ಒಪ್ಪಿಗೆಯನ್ನು ರೆಕಾರ್ಡ್ ಮಾಡುತ್ತೇನೆ ಅಂತ ಅರ್ಜಿಯಲ್ಲೇ ಬರೆ. ಸಂದರ್ಶನದ ಕನ್ನಡ ಮಾತನ್ನು ಕನ್ನಡದಲ್ಲೇ ಬರೆದಿಟ್ಟುಕೊಂಡು ಅನುವಾದದ ಜೊತೆ ಅನುಬಂಧದಲ್ಲಿ ಕೊಡು, ಅನುವಾದ ನಿನ್ನದು ಅಂತ ನಮೂದಿಸು. ಗವಂತಿ, ಮೆಂತೆ ಅನ್ನುವ ಹೆಸರುಗಳನ್ನು ಹಾಗೆಯೇ ಉಳಿಸು, ಮೊದಲ ಸಲ ಬಂದಾಗ ಮಾತ್ರ ವಿವರಿಸು. "ಕ್ರಾಸ್ ಸ್ಟಿಚ್" ಅಂತಷ್ಟೇ ಬರೆದರೆ ಆ ಹೆಂಗಸರ ಜ್ಞಾನ ಅರ್ಧ ಕಳೆದುಹೋಗುತ್ತದೆ.

ಟ್ಯೂಟರುಗಳನ್ನು ಹೆಸರು ಹಿಡಿದೇ ಕರೆಯಬೇಕು, ಸರ್-ಮೇಡಂ ಬೇಡ. ಅವರು ಬಾಯಿಗೆ ತುತ್ತಿಡುವುದಿಲ್ಲ. ಟ್ಯುಟೋರಿಯಲ್ಲಿಗೆ, ಅಂದರೆ ಅವರ ಜೊತೆ ಕೂತು ನಿನ್ನ ಕೆಲಸದ ಬಗ್ಗೆ ಮಾತನಾಡಲು, ಹೋಗುವಾಗ ಮೂರು ಪ್ರಶ್ನೆ ಬರೆದುಕೊಂಡು ಹೋಗು. ಕ್ರಿಟ್ ಅಂತ ಇರುತ್ತದೆ, ಕೆಲಸವನ್ನು ಗೋಡೆಗೆ ಹಚ್ಚಿ ಕೆಲವೇ ನಿಮಿಷ ಮಾತನಾಡಬೇಕು, ಆಮೇಲೆ ಎಲ್ಲರೂ ಅಭಿಪ್ರಾಯ ಹೇಳುತ್ತಾರೆ. ಮಾತನಾಡುವವಳಿಗೆ ಆ ಹೊತ್ತಿನಲ್ಲಿ ಏನೂ ತಲೆಗೆ ಹೋಗುವುದಿಲ್ಲ. ಗೆಳತಿಯೊಬ್ಬಳಿಗೆ ನೋಟ್ಸ್ ಮಾಡಲು ಹೇಳು, ಅವಳದ್ದಕ್ಕೆ ನೀನು ಮಾಡು. "ಇಂಟರೆಸ್ಟಿಂಗ್" ಅಂದರೆ ಹೊಗಳಿಕೆ ಅಂತಲೇ ತಿಳಿಯಬೇಡ. "ಯಾವ ಭಾಗ, ಯಾಕೆ?" ಅಂತ ಕೇಳು.

ಖರ್ಚಿಗೆ ಅಂತ ಊರಿನವರಿಗೆ ಲೋಗೋ, ಕಾರ್ಡು ಮಾಡಿಕೊಟ್ಟು ದುಡ್ಡು ತಗೊಳ್ಳುವ ಯೋಚನೆ ಇದ್ದರೆ ಬಿಡು. ಸ್ಟೂಡೆಂಟ್ ವೀಸಾದಲ್ಲಿ ಸ್ವಂತ ಉದ್ಯೋಗಕ್ಕೆ ಅನುಮತಿಯಿಲ್ಲ, ಫ್ರೀಲಾನ್ಸ್ ಅದರಲ್ಲೇ ಬರುತ್ತದೆ. ಟರ್ಮ್ ನಡೆಯುವಾಗ ಕೆಲಸ ವಾರಕ್ಕೆ 20 ಗಂಟೆ ಮೀರಬಾರದು. ಡಿಸರ್ಟೇಶನ್ ಬರೆಯುವ ಬೇಸಿಗೆಯೂ ಎಂ.ಎ.ಯವರಿಗೆ ಟರ್ಮೇ, ರಜೆಯಲ್ಲ.

3000 ಪದದ ಪ್ರಬಂಧಕ್ಕೆ ಐದು ವಾರ ಇಡು. ಮೊದಲ ಎರಡು ವಾರ ಓದು, ಮೂರನೆಯದರಲ್ಲಿ ಪ್ರತಿ ಪ್ಯಾರಾಕ್ಕೆ ಒಂದೊಂದು ವಾಕ್ಯದ ಹಂದರ, ನಾಲ್ಕನೆಯದರಲ್ಲಿ ಕರಡು, ಐದನೆಯದರಲ್ಲಿ ತಿದ್ದುಪಡಿ. ಪ್ಯಾರಾ 150ರಿಂದ 200 ಪದ, ಒಂದು ಪ್ಯಾರಾಕ್ಕೆ ಒಂದೇ ವಿಚಾರ. ವಾಕ್ಯ 25 ಪದ ದಾಟಿದರೆ ಮುರಿ. ಕನ್ನಡದಲ್ಲಿ ಯೋಚಿಸುವವರಿಗೆ ಕ್ರಿಯಾಪದ ಕೊನೆಗೆ ಬರುವುದು ಸಹಜ, ಅದಕ್ಕೇ ನಮ್ಮ ಇಂಗ್ಲಿಷಿನಲ್ಲಿ ಮುಖ್ಯ ಮಾತು ಪ್ಯಾರಾದ ಬಾಲದಲ್ಲಿ ಸಿಕ್ಕಿಹಾಕಿಕೊಂಡಿರುತ್ತದೆ. ಕರಡು ಮುಗಿದ ಮೇಲೆ ಪ್ರತಿ ಪ್ಯಾರಾದ ಕೊನೆಯ ವಾಕ್ಯವನ್ನು ಮೊದಲಿಗೆ ತಂದು ನೋಡು, ಎಷ್ಟೋ ಸಲ ಅಷ್ಟರಿಂದಲೇ ಸರಿಹೋಗುತ್ತದೆ. ಗಟ್ಟಿಯಾಗಿ ಓದಿ ನೋಡುವುದನ್ನೂ ಬಿಡಬೇಡ.

ಜ್ವರ ಬಂತು, ಮನೆಯಲ್ಲಿ ಏನೋ ಆಯಿತು ಅಂದರೆ ಗಡುವಿಗೆ ಮುಂಚೆಯೇ ದಾಖಲೆ ಸಮೇತ ಹೆಚ್ಚುವರಿ ಸಮಯ ಕೇಳು, ಸಂಕೋಚ ಬೇಡ. ಗಡುವು ಮೀರಿದ ಮೇಲೆ ಕೊಟ್ಟರೆ ಅಂಕ ಕತ್ತರಿಸುತ್ತಾರೆ. ಚಿತ್ರ ತುಂಬಿದ ಪಿಡಿಎಫ್ ಭಾರವಾಗಿರುತ್ತದೆ, ಕೊನೆಯ ಗಂಟೆಯಲ್ಲಿ ಅಪ್‌ಲೋಡ್ ಸಿಕ್ಕಿಕೊಳ್ಳುತ್ತದೆ. ಹಿಂದಿನ ದಿನವೇ ಸೈಜ್ ಇಳಿಸಿ ಹಾಕು. ರಜೆಗೆ ಊರಲ್ಲಿದ್ದರೆ ಗಡಿಯಾರ ನೋಡಿಕೋ: ಚಳಿಗಾಲದಲ್ಲಿ ಇಲ್ಲಿನ ಮಧ್ಯಾಹ್ನ 12 ಅಂದರೆ ಧಾರವಾಡದಲ್ಲಿ ಸಂಜೆ 5:30, ಬೇಸಿಗೆಯಲ್ಲಿ 4:30.